ಜೈಲು ಪ್ರವೇಶದ ಮೊದಲ ಕೆಲವು ಗಂಟೆಗಳು ಮನುಷ್ಯನನ್ನು ಇಷ್ಟು ಬದಲಿಸಬಲ್ಲವೇ?

ಪ್ರಶ್ನೆ: ಒಬ್ಬ ಅಕ್ಕ

ನನ್ನ ತಮ್ಮನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿ ಇಂದಿಗೆ ಒಂಬತ್ತು ದಿನಗಳಾದವು. ಅವನ ಮೇಲಿನ ಆರೋಪವನ್ನು ಇಲ್ಲಿ ಚರ್ಚಿಸುವುದು ನನ್ನ ಉದ್ದೇಶವಲ್ಲ; ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನ್ನನ್ನು ಕಾಡುತ್ತಿರುವ ಸಂಗತಿ ಬೇರೆ. ಐದನೆಯ ದಿನ ನನಗೆ ಭೇಟಿಯ ಅವಕಾಶ ಸಿಕ್ಕಿತು. ಗಾಜಿನ ಆಚೆಗೆ ಬಂದವನು ಎದುರಿಗೇ ಕುರ್ಚಿ ಇದ್ದರೂ ಕೂರಲಿಲ್ಲ. ಕಾವಲಿನವರು ಕೈಸನ್ನೆ ಮಾಡುವವರೆಗೂ ನಿಂತೇ ಇದ್ದ. ನಾನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಮೊದಲು ಅವರ ಕಡೆಗೆ ತಿರುಗಿ, ಆಮೇಲೆ ನನಗೆ ಉತ್ತರ ಕೊಡುತ್ತಿದ್ದ. ಮನೆಯಲ್ಲಿ ಯಾರ ಮಾತಿಗಾದರೂ ಎದುರುತ್ತರ ಸಿದ್ಧವಾಗಿಟ್ಟುಕೊಂಡಿರುತ್ತಿದ್ದ ಹುಡುಗ ಅವನು. ಅರ್ಧ ಗಂಟೆಯ ಭೇಟಿಯಲ್ಲಿ ಒಮ್ಮೆಯೂ ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ.

ಯಾರಾದರೂ ಹೊಡೆದರೇ ಎಂದು ಕೇಳಿದೆ. ಇಲ್ಲ ಎಂದ, ಮತ್ತು ಆ ಮಾತನ್ನು ನಾನು ನಂಬುತ್ತೇನೆ. ಮೊದಲ ದಿನ ಏನೇನಾಯಿತು ಎಂದಾಗ, "ಎಲ್ಲ ಬಿಚ್ಚಿಸಿದರು, ಎಲ್ಲ ಬರೆದುಕೊಂಡರು, ಆಮೇಲೆ ಒಳಗೆ ಬಿಟ್ಟರು" ಎಂದಷ್ಟೇ ಹೇಳಿ ಸುಮ್ಮನಾದ. ಅಲ್ಲಿಂದ ಬಂದ ಮೇಲೆ ಈ ಮೂರು ಮಾತುಗಳನ್ನು ಬಿಟ್ಟು ಬೇರೇನನ್ನೂ ನನಗೆ ಯೋಚಿಸಲಾಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟು. ಹೊಡೆತ, ಬೈಗುಳ ಯಾವುದೂ ಇಲ್ಲದೆ, ಕೇವಲ ದಾಖಲಾತಿಯ ಕ್ರಮಗಳೇ ಒಬ್ಬ ಮನುಷ್ಯನನ್ನು ಕೆಲವು ದಿನಗಳೊಳಗೆ ಹೀಗೆ ಕುಗ್ಗಿಸಬಲ್ಲವೇ? ಈ ಕ್ರಮಗಳಲ್ಲಿ ಯಾವುದು ನಿಜವಾಗಿ ಅಗತ್ಯ, ಯಾವುದು ಕೇವಲ ರೂಢಿ? 1971ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನೇ ಕೈದಿಗಳನ್ನಾಗಿ ಮಾಡಿ ನಡೆಸಿದ ಪ್ರಯೋಗದ ಬಗ್ಗೆ ಓದಿದೆ. ಅದನ್ನು ಓದಿದ ಮೇಲಂತೂ ಭಯ ಹೆಚ್ಚಾಗಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ದಾಖಲಾತಿ ಅಧಿಕಾರಿ

ನಾನು 22 ವರ್ಷ ಕಾರಾಗೃಹ ಇಲಾಖೆಯಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲವನ್ನು ದಾಖಲಾತಿ ವಿಭಾಗದ ಮೇಜಿನ ಹಿಂದೆಯೇ ಕಳೆದಿದ್ದೇನೆ. ನಿಮ್ಮ ತಮ್ಮನ ಆ ಮೂರು ಮಾತುಗಳು ನಮ್ಮ ಇಡೀ ಕೆಲಸದ ವಿವರಣೆಯೇ ಆಗಿವೆ. ಆದುದರಿಂದ ನಿಮಗೆ ಉತ್ತರಿಸುವ ಹೊಣೆ ನನಗಿದೆ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಮೊದಲು ಕ್ರಮಗಳ ಕಾರಣ. ವ್ಯಾನಿನಿಂದ ಇಳಿದವನನ್ನು ಒಳಗೆ ಸೇರಿಸಿಕೊಳ್ಳುವ ಮುನ್ನ ನಾವು ನೋಡುವುದು ನ್ಯಾಯಾಲಯದ ವಾರಂಟನ್ನು. ಹೆಸರು, ತಂದೆಯ ಹೆಸರು, ಪ್ರಕರಣದ ಸಂಖ್ಯೆ, ಅಧಿಕಾರಿಯ ಸಹಿ ಸರಿಯಿಲ್ಲದಿದ್ದರೆ ಆತನನ್ನು ಒಳಗೆ ಬಿಟ್ಟುಕೊಳ್ಳುವ ಅಧಿಕಾರ ನಮಗಿಲ್ಲ. ವಿಶ್ವಸಂಸ್ಥೆಯು 1955ರಲ್ಲಿ ರೂಪುಗೊಂಡ ಕನಿಷ್ಠ ನಿಯಮಗಳನ್ನು ಪರಿಷ್ಕರಿಸಿ, 2015ರ ಡಿಸೆಂಬರಿನಲ್ಲಿ ನೆಲ್ಸನ್ ಮಂಡೇಲಾ ನಿಯಮಗಳೆಂಬ ಹೆಸರಿನಲ್ಲಿ ಅಂಗೀಕರಿಸಿತು. ಒಟ್ಟು 122 ನಿಯಮಗಳಿರುವ ಆ ದಾಖಲೆಯ 7ನೆಯ ನಿಯಮ ಇದನ್ನೇ ಹೇಳುತ್ತದೆ. ಬಂದ ದಿನ ಮತ್ತು ಗಂಟೆ, ಮೈಮೇಲೆ ಕಾಣುವ ಗಾಯಗಳು, ಅದಕ್ಕೂ ಮುಂಚೆ ಯಾರಾದರೂ ಹಿಂಸಿಸಿದ್ದರೆ ಆ ದೂರು, ತಂದ ವಸ್ತುಗಳ ಪಟ್ಟಿ, ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬ ವಿವರ, ಇವೆಲ್ಲವೂ ಅಲ್ಲಿಯೇ ದಾಖಲಾಗಬೇಕು. ಗಾಯಗಳನ್ನು ಬರೆದುಕೊಳ್ಳುವುದು ಬಂದಿಗೂ ರಕ್ಷಣೆ, ಸಿಬ್ಬಂದಿಗೂ ರಕ್ಷಣೆ. "ಎಲ್ಲ ಬರೆದುಕೊಂಡರು" ಎಂಬುದು ನಿಮ್ಮ ತಮ್ಮನಿಗೆ ಎಷ್ಟೇ ಯಾಂತ್ರಿಕವಾಗಿ ಕಂಡಿರಲಿ, ಬರೆದುಕೊಳ್ಳದ ಜೈಲಿನಲ್ಲಿ ಮನುಷ್ಯರು ಕಾಣೆಯಾಗುತ್ತಾರೆ.

"ಎಲ್ಲ ಬಿಚ್ಚಿಸಿದರು" ಎಂಬ ಮಾತಿಗೆ ಎರಡು ಕಾರಣಗಳಿವೆ. ಒಂದು, ಬ್ಲೇಡು, ಮಾದಕ ವಸ್ತು, ಮೊಬೈಲು ಒಳಗೆ ಹೋಗದಂತೆ ತಡೆಯುವುದು. ಇದು ಎಲ್ಲರಿಗೂ ತಿಳಿದದ್ದೇ. ಇನ್ನೊಂದು ಕಾರಣ ಹಳೆಯದು, ಈಗ ಬಹುಮಟ್ಟಿಗೆ ಮರೆತುಹೋಗಿರುವುದು. ಹದಿನೆಂಟನೆಯ ಶತಮಾನದಲ್ಲಿ ಜೈಲುಜ್ವರವೆಂದೇ ಹೆಸರಾಗಿದ್ದ ಟೈಫಸ್ ಬಂದಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿತ್ತು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ವಿಚಾರಣೆಗೆಂದು ಕರೆತಂದ ಬಂದಿಗಳಿಂದ ಹರಡಿದ ಜ್ವರಕ್ಕೆ ನಗರದ ಮೇಯರ್ ಮತ್ತು ನ್ಯಾಯಾಧೀಶರೂ ಬಲಿಯಾದರು. 1774ರಲ್ಲಿ ಬ್ರಿಟಿಷ್ ಸಂಸತ್ತು ಬಂದಿಗಳ ಆರೋಗ್ಯಕ್ಕಾಗಿಯೇ ಕಾಯ್ದೆ ಮಾಡಿ, ಗೋಡೆಗಳಿಗೆ ಸುಣ್ಣ ಬಳಿಯಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು, ಸ್ನಾನಕ್ಕೆ ವ್ಯವಸ್ಥೆ ಇರಬೇಕು ಎಂದಿತು. ಈ ಜ್ವರವನ್ನು ಹರಡುವುದು ಹೇನು ಎಂದು ಟ್ಯೂನಿಸ್ ನಗರದಲ್ಲಿದ್ದ ಫ್ರೆಂಚ್ ವಿಜ್ಞಾನಿ ಶಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. ಅವರಿಗೆ ಆ ಸುಳಿವು ಸಿಕ್ಕಿದ್ದು ಒಂದು ದಾಖಲಾತಿ ಕೋಣೆಯಲ್ಲಿ ಎಂಬುದು ನನ್ನ ವೃತ್ತಿಯವನಿಗೆ ಮರೆಯಲಾಗದ ಸಂಗತಿ. ಆಸ್ಪತ್ರೆಯ ಬಾಗಿಲಿನವರೆಗೂ ಬೇರೆಯವರಿಗೆ ರೋಗ ಅಂಟಿಸುತ್ತಿದ್ದ ರೋಗಿಗಳು, ಬಟ್ಟೆ ತೆಗೆಸಿ ಸ್ನಾನ ಮಾಡಿಸಿ ಆಸ್ಪತ್ರೆಯ ಉಡುಪು ತೊಡಿಸಿದ ಮೇಲೆ ಯಾರಿಗೂ ಅಂಟಿಸುತ್ತಿರಲಿಲ್ಲ. ಆದರೆ ಆ ಬಟ್ಟೆಗಳನ್ನು ಒಗೆಯುವವರು ಕಾಯಿಲೆ ಬೀಳುತ್ತಿದ್ದರು. ಇಂಥ ಅನುಭವದಿಂದ ಬಂದ ಕ್ರಮ ಇದು. ಹೇನು ಹೋದ ಮೇಲೂ ಕ್ರಮ ಉಳಿಯಿತು, ಕಾರಣ ಹೇಳುವ ಪರಿಪಾಠ ಮಾತ್ರ ಬೆಳೆಯಲಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹೌದು, ಕ್ರಮಗಳೇ ಸಾಕು. ನ್ಯಾಯಾಲಯದ ವ್ಯಾನುಗಳು ಬರುವುದು ಸಂಜೆಗೆ, ಹಲವು ವೇಳೆ ಒಂದರ ಹಿಂದೆ ಒಂದು. ಬೀಗ ಹಾಕುವ ಹೊತ್ತಿಗೆ ತಲೆ ಲೆಕ್ಕ ತಾಳೆಯಾಗಬೇಕು. ಆ ಅವಸರದಲ್ಲಿ ನಮ್ಮ ಬಾಯಿಂದ ಹೊರಡುವುದು ಆಜ್ಞಾರ್ಥದ ಒಂದೊಂದು ಪದ: ನಿಲ್ಲು, ತಿರುಗು, ಬಿಚ್ಚು, ಸಹಿ ಹಾಕು, ಮುಂದೆ ಹೋಗು. ಎರಡು ಗಂಟೆಗಳಲ್ಲಿ ಇಂಥ ಐವತ್ತು ಆಜ್ಞೆಗಳನ್ನು ಪಾಲಿಸಿದವನು ಐವತ್ತೊಂದನೆಯದಕ್ಕೆ ಕಾಯುತ್ತಾನೆ. ನಿಮ್ಮ ತಮ್ಮ ಕುರ್ಚಿಯ ಎದುರು ನಿಂತದ್ದು ಅದಕ್ಕೇ. ಮುಂದೆ ಏನು ನಡೆಯಲಿದೆ ಎಂಬುದನ್ನು ಯಾರೂ ಹೇಳದಿದ್ದಾಗ, ತಾನಾಗಿ ಏನನ್ನೂ ಮಾಡದಿರುವುದೇ ಕ್ಷೇಮವೆಂದು ಮನಸ್ಸು ಬೇಗನೆ ಕಲಿತುಬಿಡುತ್ತದೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯ ಮೊದಲ ವರ್ಷಗಳಲ್ಲಿ, ಸಾಲಿನಲ್ಲಿ ಹದಿನೈದು ಜನ ನಿಂತಿರುವಾಗಲೇ ನಾನು ವಾರಂಟಿನ ಮೇಲಿದ್ದ ಆರೋಪವನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುತ್ತಿದ್ದೆ. ಹಿಂದಿನವರಿಂದ ಕಲಿತದ್ದು ಹಾಗೆಯೇ. ಜೈಲಿನೊಳಗೆ ಕೆಲವು ಆರೋಪಗಳನ್ನು ಹೊತ್ತವರಿಗೆ ಉಳಿದ ಬಂದಿಗಳಿಂದಲೇ ಅಪಾಯವಿರುತ್ತದೆ. ಒಂದು ರಾತ್ರಿ ಹಾಗೆ ನಾನು ಓದಿದ್ದನ್ನು ಕೇಳಿಸಿಕೊಂಡವರೇ ಒಬ್ಬನನ್ನು ಬ್ಯಾರಕಿನಲ್ಲಿ ಹಿಡಿದು ಹೊಡೆದರು. ಮರುದಿನ ಅವನ ಕಣ್ಣಿನ ಮೇಲಿನ ಹೊಲಿಗೆಗಳನ್ನು ನೋಡಿದ ಮೇಲೆ ಮೇಜನ್ನು ಗೋಡೆಯ ಮರೆಗೆ ಸರಿಸಿ, ಒಬ್ಬೊಬ್ಬರನ್ನೇ ಕರೆದು, ವಾರಂಟನ್ನು ಅವರ ಕೈಗೇ ಕೊಟ್ಟು ಓದಿಸುವುದನ್ನು ರೂಢಿ ಮಾಡಿದೆ. ಓದಲು ಬಾರದವರಿಗೆ ಮೆಲ್ಲನೆ ಓದಿ ಹೇಳುತ್ತಿದ್ದೆ. ಇದಕ್ಕೆ ಬೇಕಾದದ್ದು ಒಬ್ಬರಿಗೆ ಎರಡು ನಿಮಿಷ ಹೆಚ್ಚು. ಆ ಎರಡು ನಿಮಿಷಗಳಲ್ಲಿ "ಇನ್ನು ತಪಾಸಣೆ, ಆಮೇಲೆ ವೈದ್ಯರು, ಆಮೇಲೆ ಊಟ, ಆಮೇಲೆ ಮಲಗುವ ಜಾಗ" ಎಂದು ಹೇಳಿ ಕಳುಹಿಸಿದವರ ನಡಿಗೆಯೇ ಬೇರೆಯಾಗಿರುತ್ತಿತ್ತು.

ಉತ್ತರ: ಸಮಾಜಶಾಸ್ತ್ರ ಬೋಧಿಸುವವರು

1971ರ ಪ್ರಯೋಗದ ಬಗ್ಗೆ ಮಾತ್ರ ಒಂದೆರಡು ಮಾತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆ ಪ್ರಯೋಗವನ್ನು ಎರಡು ವಾರಗಳಿಗೆಂದು ಆರಂಭಿಸಿ ಆರು ದಿನಗಳಲ್ಲಿ ನಿಲ್ಲಿಸಬೇಕಾಯಿತು ಎಂಬುದು ನಿಜ. ಆದರೆ ಕಾವಲುಗಾರರ ಪಾತ್ರ ವಹಿಸಿದವರಿಗೆ ಕಠಿಣವಾಗಿ ನಡೆದುಕೊಳ್ಳುವಂತೆ ಸೂಚನೆಗಳಿದ್ದವು ಎಂಬುದು ಅನಂತರ ಬೆಳಕಿಗೆ ಬಂದಿರುವುದರಿಂದ, ಅದರ ತೀರ್ಮಾನಗಳನ್ನು ಇಂದು ಅನೇಕ ಸಂಶೋಧಕರು ಒಪ್ಪುವುದಿಲ್ಲ. ಅದನ್ನು ನಿಮ್ಮ ತಮ್ಮನ ಭವಿಷ್ಯವೆಂದು ಓದಿಕೊಳ್ಳಬೇಡಿ.

ನಿಮ್ಮ ಅನುಭವಕ್ಕೆ ಹತ್ತಿರವಾದದ್ದು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಪ್ರಕಟಿಸಿದ ವಿಶ್ಲೇಷಣೆ. ಆಸ್ಪತ್ರೆ, ಸೇನಾಶಿಬಿರ, ಜೈಲುಗಳಂಥ ಮುಚ್ಚಿದ ಸಂಸ್ಥೆಗಳೆಲ್ಲವೂ ಹೊಸಬನನ್ನು ಒಳಗೆ ಸೇರಿಸಿಕೊಳ್ಳುವಾಗ ಬಹುಮಟ್ಟಿಗೆ ಒಂದೇ ಬಗೆಯ ಕೆಲಸ ಮಾಡುತ್ತವೆ ಎಂಬುದನ್ನು ಅವರು ಗಮನಿಸಿದರು: ತೂಕ, ಬೆರಳಚ್ಚು, ಭಾವಚಿತ್ರ, ಕೂದಲು ಕತ್ತರಿಸುವುದು, ಸ್ವಂತ ಬಟ್ಟೆಗೆ ಬದಲಾಗಿ ಸಂಸ್ಥೆಯ ಬಟ್ಟೆ, ಹೆಸರಿಗೆ ಬದಲಾಗಿ ಸಂಖ್ಯೆ. ಇವು ಬಿಡಿಬಿಡಿಯಾಗಿ ಸಣ್ಣವು. ಆದರೆ ಮನುಷ್ಯ ತಾನು ಯಾರೆಂದು ತನಗೂ ಇತರರಿಗೂ ತೋರಿಸಿಕೊಳ್ಳಲು ಬಳಸುವ ಸಾಧನಗಳೆಲ್ಲ ಇವೇ ಆಗಿರುವುದರಿಂದ, ಎಲ್ಲವೂ ಒಂದೇ ಸಂಜೆಯಲ್ಲಿ ಹೋದಾಗ ಅವನ ಬಳಿ ಉಳಿಯುವುದು ಮೈ ಮಾತ್ರ. ಒಬ್ಬ ಮಗ, ಒಬ್ಬ ಕೆಲಸಗಾರ, ಒಬ್ಬ ತಮ್ಮ ಎಂಬ ಗುರುತುಗಳನ್ನು ನೆನಪಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ಈ ಪರಿಣಾಮವನ್ನು ಉದ್ದೇಶಪೂರ್ವಕವಾಗಿಯೇ ಬಯಸಿದ ಜೈಲುಗಳೂ ಇದ್ದವು ಎಂಬುದನ್ನು ಅಧಿಕಾರಿಗಳ ಮಾತಿಗೆ ಸೇರಿಸಬೇಕಾಗುತ್ತದೆ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಆರಂಭವಾದ ಈಸ್ಟರ್ನ್ ಸ್ಟೇಟ್ ಬಂದೀಖಾನೆಯಲ್ಲಿ ಹೊಸ ಬಂದಿಯ ತಲೆಗೆ ಮುಸುಕು ಹಾಕಿ ಕೋಣೆಗೆ ಒಯ್ಯುತ್ತಿದ್ದರು; ಕಟ್ಟಡದ ವಿನ್ಯಾಸವಾಗಲಿ ಉಳಿದ ಬಂದಿಗಳ ಮುಖವಾಗಲಿ ಅವನಿಗೆ ತಿಳಿಯಬಾರದು, ಅವನ ಮುಖವೂ ಬೇರೆಯವರಿಗೆ ತಿಳಿಯಬಾರದು ಎಂಬುದು ಅಲ್ಲಿನ ಎಣಿಕೆ. ಹಳೆಯ ಬದುಕಿನಿಂದ ಪೂರ್ತಿ ಕತ್ತರಿಸಿದರೆ ಮನುಷ್ಯ ಪಶ್ಚಾತ್ತಾಪ ಪಡುತ್ತಾನೆಂದು ಆ ಕಾಲದ ಸುಧಾರಕರು ಪ್ರಾಮಾಣಿಕವಾಗಿಯೇ ನಂಬಿದ್ದರು. ಆ ನಂಬಿಕೆ ಹೋಯಿತು, ಮುಸುಕೂ ಹೋಯಿತು. ಹೊಸಬನಿಗೆ ಏನನ್ನೂ ತಿಳಿಸದಿರುವ ಅಭ್ಯಾಸ ಮಾತ್ರ ಹಲವು ಕಡೆ ಹಾಗೆಯೇ ಉಳಿದುಬಂದಿದೆ.

ಉತ್ತರ: ಹಿಂದೊಮ್ಮೆ ಒಳಗಿದ್ದವನು

ಅಧಿಕಾರಿಗಳು ಬರೆದದ್ದನ್ನು ಗೌರವದಿಂದ ಓದಿದೆ. ಅವರಂಥವರು ನನ್ನ ಪಾಲಿಗೆ ಆ ಸಂಜೆ ಸಿಕ್ಕಿದ್ದರೆ ಚೆನ್ನಾಗಿತ್ತು. ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ವಿವರಿಸಿ ಹೇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ತೋರುವಂತೆ ಅವರ ಮಾತಿದೆ. ಮೈ ತಪಾಸಣೆಯ ವಿಷಯದಲ್ಲಿ ಅದು ನಿಜವಲ್ಲ. ಇನ್ನೊಬ್ಬ ಗಂಡಸಿನ ಎದುರು ಬೆತ್ತಲೆ ನಿಂತು, ಬಗ್ಗು ಎಂದಾಗ ಬಗ್ಗಿದ ಮೇಲೆ, ಅದಕ್ಕೆ ಎಷ್ಟೇ ಒಳ್ಳೆಯ ಕಾರಣವನ್ನು ಕೊಟ್ಟಿದ್ದರೂ, ಆ ಹೊತ್ತು ಮನಸ್ಸಿನಿಂದ ಹೋಗುವುದಿಲ್ಲ. ನಾನು ಹೊರಬಂದು ಹನ್ನೊಂದು ವರ್ಷಗಳಾದವು. ಈಗಲೂ ವೈದ್ಯರು ಅಂಗಿ ತೆಗೆಯಿರಿ ಎಂದರೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಮಂಡೇಲಾ ನಿಯಮಗಳ ಪ್ರಕಾರ ಇಂಥ ತಪಾಸಣೆಯನ್ನು ತೀರಾ ಅಗತ್ಯವಿದ್ದಾಗ ಮಾತ್ರ, ಮರೆಯಲ್ಲಿ, ತರಬೇತಾದ ಅದೇ ಲಿಂಗದ ಸಿಬ್ಬಂದಿಯಿಂದ ನಡೆಸಬೇಕು. ಅದಕ್ಕೆ ಬದಲಿ ವಿಧಾನಗಳನ್ನು ಹುಡುಕಬೇಕು. ಮಹಿಳಾ ಬಂದಿಗಳಿಗಾಗಿ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳಂತೂ ಬದಲಿಯಾಗಿ ಸ್ಕ್ಯಾನ್ ಯಂತ್ರವನ್ನು ಹೆಸರಿಸಿಯೇ ಹೇಳುತ್ತವೆ. ಆದರೆ ಎಲ್ಲ ನ್ಯಾಯಾಲಯಗಳೂ ಹೀಗೆ ಯೋಚಿಸುವುದಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ, ಎಷ್ಟೇ ಸಣ್ಣ ಆರೋಪದ ಮೇಲೆ ಬಂದವನಾದರೂ ಸರಿ, ಇತರ ಬಂದಿಗಳ ನಡುವೆ ಸೇರಿಸುವ ಮುನ್ನ ಬಟ್ಟೆ ಬಿಚ್ಚಿಸಿ ನೋಡಬಹುದೆಂದು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು. ಆ ಪ್ರಕರಣದ ಮನುಷ್ಯ ಮೊದಲೇ ಕಟ್ಟಿ ಮುಗಿಸಿದ್ದ ಒಂದು ದಂಡದ ವಾರಂಟು ಕಂಪ್ಯೂಟರಿನಲ್ಲಿ ಉಳಿದುಕೊಂಡಿದ್ದ ಕಾರಣಕ್ಕೆ ಬಂಧಿತನಾದವನು. ಅವನಿಗೆ ಯಾವ ವಿವರಣೆ ಕೊಟ್ಟರೆ ಸಮಾಧಾನವಾದೀತು?

ಅಕ್ಕಾ, ನಿಮ್ಮ ತಮ್ಮ ಹೇಳದೆ ಬಿಟ್ಟಿರಬಹುದಾದ ಇನ್ನೊಂದು ಸಂಗತಿ ಕಾಯುವಿಕೆ. ತಪಾಸಣೆ ಹತ್ತು ನಿಮಿಷ, ಬರವಣಿಗೆ ಹತ್ತು ನಿಮಿಷ, ಉಳಿದದ್ದೆಲ್ಲ ಕಾಯುವುದು. ನನ್ನ ಕೈಗಡಿಯಾರವನ್ನು ಮೊದಲೇ ತೆಗೆದುಕೊಂಡಿದ್ದರು. ಕಿಟಕಿಯಿಲ್ಲದ ಕೋಣೆಯ ಬೆಂಚಿನ ಮೇಲೆ ನಾನು ಎಷ್ಟು ಹೊತ್ತು ಕೂತಿದ್ದೆನೋ ಇಂದಿಗೂ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದವನು ಹಿಂದೆಯೂ ಬಂದಿದ್ದವನು. ಅವನು ಹೇಳಿದ್ದೆಲ್ಲವನ್ನೂ ನಾನು ನಂಬಿದೆ. ಅರ್ಧ ಸುಳ್ಳು, ಅರ್ಧ ಹೆದರಿಕೆ ಹುಟ್ಟಿಸುವ ಕಥೆ. ಸಿಬ್ಬಂದಿ ಹೇಳದಿದ್ದ ಜಾಗವನ್ನು ಇಂಥವರು ತುಂಬುತ್ತಾರೆ. ಹೊಸಬನು ಜೈಲಿನ ಕಾಯ್ದೆಗಿಂತ ಮೊದಲು ಬ್ಯಾರಕಿನ ಕಾಯ್ದೆಯನ್ನು ಕಲಿಯುವುದು ಹೀಗೆ.

ನನ್ನನ್ನು ಉಳಿಸಿದವನೂ ಒಬ್ಬ ಬಂದಿಯೇ. ಬಟ್ಟೆ ಕೊಡುವ ಕೆಲಸಕ್ಕೆ ಹಾಕಿದ್ದ ವಯಸ್ಸಾದ ಸಜಾಬಂದಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದು ನಿನಗೆ ದೊಗಳೆಯಾಗುತ್ತದೆ, ತಡಿ" ಎಂದು ಒಳಗೆ ಹೋಗಿ ಇನ್ನೊಂದು ಜೊತೆ ತಂದುಕೊಟ್ಟರು. ಆಮೇಲೆ, "ರಾತ್ರಿ ಬೀಗದ ಸದ್ದು ಮೂರು ಸಲ ಬರುತ್ತದೆ, ಅದು ಲೆಕ್ಕ ನೋಡುವುದು, ಹೆದರಬೇಡ" ಎಂದರು. ಆ ದಿನ ನನಗೆ ಸಿಕ್ಕ ಮಾಹಿತಿ ಅದೊಂದೇ. ಮೂರನೆಯ ಸದ್ದು ಬಂದ ಮೇಲೆ ನಿದ್ದೆ ಹೋದೆ. ಬ್ರಿಟನ್ನಿನ ಸ್ವಾನ್ಸೀ ಜೈಲಿನಲ್ಲಿ 1991ರಲ್ಲಿ ಬಂದಿಗಳಿಗೇ ತರಬೇತಿ ಕೊಟ್ಟು, ಸಂಕಟದಲ್ಲಿರುವ ಬಂದಿಗಳ ಮಾತನ್ನು ಗುಟ್ಟು ಕಾಯ್ದು ಕೇಳಿಸಿಕೊಳ್ಳುವ ಕೆಲಸಕ್ಕೆ ತೊಡಗಿಸಿದರು ಎಂದು ಹೊರಬಂದ ಮೇಲೆ ಓದಿದೆ. ಆ ಪದ್ಧತಿ ಅಲ್ಲಿನ ಬೇರೆ ಜೈಲುಗಳಿಗೂ ಹಬ್ಬಿತು. ಓದಿದಾಗ ಆ ಹಿರಿಯರ ಮುಖವೇ ಕಣ್ಣಮುಂದೆ ಬಂತು.

ಒಂದು ಸಣ್ಣ ಪ್ರಶ್ನೆ. ನಿಮ್ಮ ತಮ್ಮ ಕನ್ನಡಕ ಹಾಕಿಕೊಳ್ಳುತ್ತಾರೆಯೇ? ನನ್ನ ಬ್ಯಾರಕಿನಲ್ಲಿದ್ದ ಒಬ್ಬನ ಲೋಹದ ಚೌಕಟ್ಟಿನ ಕನ್ನಡಕವನ್ನು ದಾಖಲಾತಿಯ ದಿನ ವಸ್ತುಗಳ ಚೀಲಕ್ಕೆ ಹಾಕಿದ್ದರು. ಅವನು ಯಾರನ್ನೂ ಗುರುತಿಸಲಾಗದೆ ಎರಡು ವಾರ ಗೋಡೆ ಹಿಡಿದುಕೊಂಡು ಓಡಾಡಿದ. ಕೇಳಿದರೆ ಕೊಡುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಉತ್ತರ: ಜೈಲು ಆಸ್ಪತ್ರೆಯಲ್ಲಿ ಕೆಲಸ ಮಾಡಿದ ದಾದಿ

ದಾಖಲಾತಿಯ ಮಾನಸಿಕ ಪರಿಣಾಮದ ಬಗ್ಗೆ ಮಾತನಾಡುವಾಗ ಜೀವದ ಪ್ರಶ್ನೆಯನ್ನು ಬಿಡಬಾರದೆಂದು ಬರೆಯುತ್ತಿದ್ದೇನೆ. ಬಂದಿಗಳ ಆತ್ಮಹತ್ಯೆಯ ಅಪಾಯ ಅತ್ಯಂತ ಹೆಚ್ಚಾಗಿರುವ ಅವಧಿಗಳಲ್ಲಿ ಮೊದಲ ದಿನ ಮತ್ತು ಮೊದಲ ವಾರಗಳೂ ಸೇರಿವೆ ಎಂಬುದು ಅನೇಕ ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಅದರಲ್ಲೂ ಮೊದಲ ಬಾರಿಗೆ ಬಂದ ವಿಚಾರಣಾಧೀನರು, ಅಮಲಿನ ವಸ್ತು ಏಕಾಏಕಿ ನಿಂತವರು, ಒಂಟಿ ಕೋಣೆಯಲ್ಲಿ ಹಾಕಲ್ಪಟ್ಟವರು ಹೆಚ್ಚು ಅಪಾಯದಲ್ಲಿರುತ್ತಾರೆ. ಹೀಗಾಗಿಯೇ ಮಂಡೇಲಾ ನಿಯಮಗಳ 30ನೆಯ ನಿಯಮವು, ಪ್ರತಿಯೊಬ್ಬ ಬಂದಿಯನ್ನೂ ದಾಖಲಾದ ಮೇಲೆ ಸಾಧ್ಯವಾದಷ್ಟು ಬೇಗ ವೈದ್ಯರು ಅಥವಾ ಅರ್ಹ ಆರೋಗ್ಯ ಸಿಬ್ಬಂದಿ ನೋಡಿ, ಗಾಯ ಮತ್ತು ಸೋಂಕುಗಳ ಜೊತೆಗೆ ಮಾನಸಿಕ ಒತ್ತಡದ ಮತ್ತು ಆತ್ಮಹತ್ಯೆಯ ಅಪಾಯದ ಲಕ್ಷಣಗಳನ್ನೂ ಗುರುತಿಸಬೇಕೆನ್ನುತ್ತದೆ.

ನಾನು ಕೆಲಸ ಮಾಡಿದ ಕಡೆ ಈ ಪರೀಕ್ಷೆ ನಡೆಯುತ್ತಿತ್ತು, ಒಂದು ನಮೂನೆಯ ರೂಪದಲ್ಲಿ. ಸಾಲಿನ ಕೊನೆಯಲ್ಲಿ ಒಂದು ಸ್ಟೂಲು, ಪಕ್ಕದಲ್ಲೇ ಕಾವಲಿನವರು, ಹಿಂದೆ ಮುಂದಿನ ಸರದಿಯವನು. "ಸಕ್ಕರೆ ಕಾಯಿಲೆ ಇದೆಯೇ, ಕ್ಷಯ ಬಂದಿತ್ತೇ, ಕುಡಿಯುತ್ತೀರಾ, ಸಾಯಬೇಕೆಂಬ ಯೋಚನೆ ಬಂದಿದೆಯೇ" ಎಂದು ಒಂದೇ ಉಸಿರಿನಲ್ಲಿ ಕೇಳಿ ನಾಲ್ಕಕ್ಕೂ "ಇಲ್ಲ" ಎಂದು ಗುರುತು ಹಾಕುವುದು. ಈಗತಾನೆ ಬೆತ್ತಲೆ ನಿಂತು ಬಂದವನು, ಹತ್ತು ಜನರ ಎದುರಿನಲ್ಲಿ, ಸಮವಸ್ತ್ರದವರ ಪಕ್ಕದಲ್ಲಿ ಕೂತು, ನಾನು ಕುಡಿತಕ್ಕೆ ಬಿದ್ದವನು ಎಂದೋ ಸಾಯಬೇಕೆನಿಸುತ್ತಿದೆ ಎಂದೋ ಹೇಳಲು ಸಾಧ್ಯವೇ? ಪರೀಕ್ಷೆಯ ಮುಂಚಿನ ಹೆಜ್ಜೆಗಳೇ ಪರೀಕ್ಷೆಯ ಉತ್ತರವನ್ನು ಕೆಡಿಸುತ್ತವೆ. ದಾಖಲಾತಿಯ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದೇ, ಮತ್ತು ಅಧಿಕಾರಿಗಳಾಗಲಿ ಬೋಧಕರಾಗಲಿ ಇದನ್ನು ಹೇಳಲಿಲ್ಲ.

ಅದರ ಪರಿಣಾಮ ಹೇಗಿರುತ್ತದೆಂದರೆ, ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನಿಗೆ ಮದ್ಯ ನಿಂತ ಆರರಿಂದ ಇಪ್ಪತ್ನಾಲ್ಕು ಗಂಟೆಗಳೊಳಗೆ ಕೈನಡುಕ, ಬೆವರು, ತಳಮಳ ಆರಂಭವಾಗುತ್ತದೆ, ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಭ್ರಮೆ ಹಿಡಿದು ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯವಾಗುತ್ತದೆ. ನಮೂನೆಯಲ್ಲಿ "ಇಲ್ಲ" ಎಂದು ಬರೆದಿರುವುದರಿಂದ ಇದನ್ನು ಬ್ಯಾರಕಿನವರು ಹುಚ್ಚೆಂದೋ ನಾಟಕವೆಂದೋ ತಿಳಿಯುತ್ತಾರೆ. ಒಬ್ಬ ಯುವಕನನ್ನು ನಮ್ಮ ಬಳಿಗೆ ಕೈಕಾಲು ಕಟ್ಟಿ ಹೊತ್ತು ತಂದಿದ್ದರು. ಅವನು ರಾತ್ರಿಯೆಲ್ಲ ಗಲಾಟೆ ಮಾಡಿದನೆಂದು ಶಿಕ್ಷೆಯ ಕೋಣೆಗೆ ಹಾಕಿದ್ದರಂತೆ. ಅವನ ದಾಖಲಾತಿ ನಮೂನೆಯನ್ನು ತೆಗೆದು ನೋಡಿದೆ. ಕುಡಿತದ ಎದುರು "ಇಲ್ಲ" ಎಂದಿತ್ತು, ಅಕ್ಷರ ನನ್ನದೇ. ಅವನು ಬದುಕಿದ. ಅಂದಿನಿಂದ ನಾನು ಆ ಪ್ರಶ್ನೆಗಳನ್ನು ಸಾಲಿನಲ್ಲಿ ಕೇಳುವುದನ್ನು ಬಿಟ್ಟು, ಬಾಗಿಲು ಮುಚ್ಚಿ, ಮೊದಲು "ನೀವು ಇಲ್ಲಿರುವುದು ಮನೆಯಲ್ಲಿ ಯಾರಿಗೆ ಗೊತ್ತು?" ಎಂದು ಕೇಳಲು ಆರಂಭಿಸಿದೆ. ಯಾರಿಗೂ ಗೊತ್ತಿಲ್ಲ ಎಂದು ಹೇಳಿ ಅಳುತ್ತಿದ್ದವರು ಎಷ್ಟೋ ಜನ. ಅಳು ನಿಂತ ಮೇಲೆ ಉಳಿದ ಪ್ರಶ್ನೆಗಳಿಗೆ ನಿಜವಾದ ಉತ್ತರಗಳು ಬರುತ್ತಿದ್ದವು. ಬಂಧನದ ಸುದ್ದಿಯನ್ನು ತಕ್ಷಣ ಮನೆಯವರಿಗೆ ತಿಳಿಸುವ ಹಕ್ಕು ಪ್ರತಿ ಬಂದಿಗೂ ಇದೆಯೆಂದು 68ನೆಯ ನಿಯಮ ಹೇಳುತ್ತದೆ. ಅದನ್ನು ನಾನು ಆರೋಗ್ಯದ ನಿಯಮವೆಂದೇ ಓದುತ್ತೇನೆ.

ಹೆಂಗಸರ ವಿಭಾಗದಲ್ಲಿ ಇದರ ಭಾರ ಇನ್ನೂ ಹೆಚ್ಚು. ಮಗುವನ್ನು ನೆರೆಯವರ ಬಳಿ ಒಂದು ಗಂಟೆಗೆಂದು ಬಿಟ್ಟು ನ್ಯಾಯಾಲಯಕ್ಕೆ ಹೋದ ತಾಯಿ ನೇರವಾಗಿ ಜೈಲಿಗೆ ಬಂದಿರುತ್ತಾಳೆ. ಅವಳಿಗೆ ರಕ್ತದೊತ್ತಡ ಎಷ್ಟಿದೆ ಎಂಬುದು ಆ ಹೊತ್ತಿನ ಪ್ರಶ್ನೆಯೇ ಅಲ್ಲ. ಬ್ಯಾಂಕಾಕ್ ನಿಯಮಗಳ ಎರಡನೆಯ ನಿಯಮವು, ಮಕ್ಕಳ ಹೊಣೆ ಹೊತ್ತ ಹೆಂಗಸಿಗೆ ದಾಖಲಾತಿಗೆ ಮುಂಚೆಯೋ ದಾಖಲಾತಿಯ ವೇಳೆಯೋ ಮಕ್ಕಳಿಗೆ ವ್ಯವಸ್ಥೆ ಮಾಡಲು ಅವಕಾಶ ಕೊಡಬೇಕೆನ್ನುತ್ತದೆ. ಮಕ್ಕಳ ಹಿತಕ್ಕಾಗಿ ಬಂಧನವನ್ನೇ ಸ್ವಲ್ಪ ಕಾಲ ಮುಂದೂಡುವ ಸಾಧ್ಯತೆಯನ್ನೂ ಹೇಳುತ್ತದೆ.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಅವರು ನಿತ್ಯ ತೆಗೆದುಕೊಳ್ಳುವ ಮಾತ್ರೆ ಯಾವುದಾದರೂ ಇದೆಯೇ? ಬಂದಿ ತಂದ ಔಷಧವನ್ನು ಏನು ಮಾಡಬೇಕೆಂಬುದನ್ನು ವೈದ್ಯರು ತೀರ್ಮಾನಿಸಬೇಕೆಂದು ನಿಯಮವಿದ್ದರೂ, ಅದು ಎಷ್ಟೋ ಬಾರಿ ಪರ್ಸು, ಬೆಲ್ಟುಗಳ ಜೊತೆಗೆ ಚೀಲ ಸೇರಿಬಿಡುತ್ತದೆ. ಫಿಟ್ಸ್ ಅಥವಾ ಮನೋರೋಗದ ಮಾತ್ರೆಗಳು ಏಕಾಏಕಿ ನಿಲ್ಲುವುದು ಅಪಾಯ. ಮುಂದಿನ ಭೇಟಿಯಲ್ಲಿ ಅವರು ತಮ್ಮ ವಸ್ತುಗಳನ್ನು ಬೇರೆಯವರಿಗೆ ಹಂಚುತ್ತಿದ್ದರೆ, ವಿದಾಯದಂಥ ಮಾತನಾಡಿದರೆ, ನಿದ್ದೆಯೇ ಇಲ್ಲವೆಂದರೆ ಅಥವಾ ಭೇಟಿಗೆ ಬರಲೇ ಒಲ್ಲೆನೆಂದರೆ, ಮನೆಗೆ ಹೊರಡುವ ಮುಂಚೆಯೇ ಅಲ್ಲಿನ ಅಧಿಕಾರಿಗೆ ಬಾಯಲ್ಲಿ ತಿಳಿಸಿ, ಬರೆದೂ ಕೊಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ತಮ್ಮನನ್ನು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಮರುಪ್ರಶ್ನೆ: ಒಬ್ಬ ಅಕ್ಕ

ನಾಲ್ವರಿಗೂ ನಾನು ಋಣಿ. ಮಾತ್ರೆ ಯಾವುದೂ ಇಲ್ಲ, ಕುಡಿತವೂ ಇಲ್ಲ. ಆದರೆ ಕನ್ನಡಕದ ಪ್ರಶ್ನೆ ಓದಿ ನನ್ನ ಎದೆ ಧಸಕ್ಕೆಂದಿತು. ಅವನು ಹತ್ತನೆಯ ವಯಸ್ಸಿನಿಂದ ದಪ್ಪ ಗಾಜಿನ ಕನ್ನಡಕ ಹಾಕುವವನು. ಅಂದು ಅವನ ಮುಖದ ಮೇಲೆ ಅದು ಇರಲಿಲ್ಲ, ಮತ್ತು ಅದು ಇಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಅವನ ಮುಖದಲ್ಲಿ ಏನೋ ಬದಲಾಗಿದೆ ಎಂದು ಮಾತ್ರ ಅನಿಸುತ್ತಿತ್ತು. ಗಾಜಿನ ಆಚೆಯಿಂದ ಅವನಿಗೆ ನಾನು ಕಂಡಿರಲಿಕ್ಕಿಲ್ಲ. ಇದನ್ನು ಅವನಿಗೆ ತಲುಪಿಸಲು ಯಾರನ್ನು, ಹೇಗೆ ಕೇಳಬೇಕು? ಕೇಳಿದರೆ ಅವನಿಗೆ ಒಳಗೆ ತೊಂದರೆಯಾಗುವುದೇ?

ಉತ್ತರ: ನಿವೃತ್ತ ದಾಖಲಾತಿ ಅಧಿಕಾರಿ

ತೊಂದರೆಯಾಗುವುದಿಲ್ಲ. ಇದು ದೂರಲ್ಲ, ಮನವಿ. ಜೈಲಿನ ಅಧೀಕ್ಷಕರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ತಮ್ಮನ ಹೆಸರು, ದಾಖಲಾದ ದಿನಾಂಕ, ಪ್ರಕರಣದ ಸಂಖ್ಯೆ, ಗೊತ್ತಿದ್ದರೆ ಬಂದಿ ಸಂಖ್ಯೆ ಇರಲಿ. ದಾಖಲಾತಿಯ ದಿನ ಠೇವಣಿಯಾದ ವಸ್ತುಗಳ ಪಟ್ಟಿಯಲ್ಲಿ ಕನ್ನಡಕವಿದ್ದರೆ ಅದನ್ನು ಅವರಿಗೆ ಕೊಡಿಸಬೇಕೆಂದು ಕೋರಿ. ಆ ಪಟ್ಟಿಗೆ ಬಂದಿಯ ಸಹಿ ಇರಬೇಕು. ಆದ್ದರಿಂದ ವಸ್ತು ಹುಡುಕುವುದು ಕಷ್ಟವಲ್ಲ. ಜೊತೆಗೆ ಕಣ್ಣಿನ ವೈದ್ಯರ ಹಳೆಯ ಚೀಟಿಯ ಪ್ರತಿಯೊಂದನ್ನು ಇಟ್ಟು, ಅರ್ಜಿಯ ಇನ್ನೊಂದು ಪ್ರತಿಯನ್ನು ಜೈಲಿನ ವೈದ್ಯಾಧಿಕಾರಿಗೂ ಕೊಡಿ, ಏಕೆಂದರೆ ಲೋಹದ ಚೌಕಟ್ಟಿಗೆ ಭದ್ರತೆಯ ಆಕ್ಷೇಪ ಬಂದರೆ ಅದು ಅಗತ್ಯವೆಂದು ಹೇಳಬೇಕಾದವರು ಅವರೇ. ಪ್ಲಾಸ್ಟಿಕ್ ಚೌಕಟ್ಟಿನ ಇನ್ನೊಂದು ಜೊತೆ ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಎರಡೂ ಪ್ರತಿಗಳ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಒಂದು ವಾರದೊಳಗೆ ಆಗದಿದ್ದರೆ ನಿಮ್ಮ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಇಂಥ ಸಣ್ಣ ಕೋರಿಕೆಗಳಿಗೆ ನ್ಯಾಯಾಧೀಶರು ಸಾಮಾನ್ಯವಾಗಿ ಅಡ್ಡಿ ಹೇಳುವುದಿಲ್ಲ.

ನಿಮ್ಮ ಪ್ರಶ್ನೆ ಓದಿದ ಮೇಲೆ ನಾನು ನನ್ನ ಮೇಜಿನ ಮೇಲಿದ್ದ ಟ್ರೇಯನ್ನು ನೆನಪಿಸಿಕೊಂಡೆ. ಗಡಿಯಾರ, ಉಂಗುರ, ಬೆಲ್ಟು, ಬೀಗದ ಕೈ ಎಲ್ಲವನ್ನೂ ಅದರೊಳಗೆ ಹಾಕಿಸುತ್ತಿದ್ದೆ. ಕನ್ನಡಕವನ್ನೂ ಹಾಕಿಸಿದ್ದೇನೆ. ಎಷ್ಟು ಜನರದ್ದೆಂದು ನನಗೆ ಲೆಕ್ಕ ಸಿಗುತ್ತಿಲ್ಲ.

ಇನ್ನೊಂದು ಮಾತು. ಮುಂದಿನ ಭೇಟಿಯಲ್ಲಿ ಅವರು ಮತ್ತೆ ಕುರ್ಚಿಯ ಎದುರು ನಿಂತರೆ, ಕಾವಲಿನವರ ಸನ್ನೆಗೆ ಮುಂಚೆ ನೀವೇ ಅವರ ಹೆಸರು ಹಿಡಿದು ಕರೆದು ಕೂತುಕೋ ಎನ್ನಿ. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದನ್ನೇ ಬಳಸಿ.